ರೋಗಿಯ ಮಾನವೂ ಒಂದು ಅಮಾನತ್

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಶುಕ್ರವಾರ ಜುಮಾ ನಮಾಝ್ ಮುಗಿದಾಗ ನನ್ನ ಕೆಲವು ವಿದ್ಯಾರ್ಥಿಗಳು ಮಸೀದಿಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದರು. ಡಬ್ಬಿಗೆ ಒಬ್ಬ ಹುಡುಗಿಯ ಭಾವಚಿತ್ರ ಅಂಟಿಸಿ, ಕೆಳಗೆ ಅವಳ ಹೆಸರು, ವಿಳಾಸ, ರೋಗ ಎಲ್ಲವನ್ನೂ ಬರೆದಿದ್ದರು. ರಕ್ತದ ಕ್ಯಾನ್ಸರಿಗಾಗಿ ಬೆಂಗಳೂರಿನಲ್ಲಿ ಅವಳಿಗೆ ಚಿಕಿತ್ಸೆ ನಡೆಯುತ್ತಿತ್ತು. ಒಂದೇ ದಿನದಲ್ಲಿ ಡಬ್ಬಿ ತುಂಬಿತು. ಊರಿಗೆ ಬಂದಿದ್ದ ತಂದೆಯ ಕೈಗೆ ಹಣ ಒಪ್ಪಿಸಿದೆವು. ಅವರು ದುಆ ಮಾಡಿದರು. ಮಕ್ಕಳು ಅಂಗಳಕ್ಕಿಳಿದ ಮೇಲೆ ನನ್ನನ್ನು ತಡೆದು ಮೆಲುದನಿಯಲ್ಲಿ ಹೇಳಿದರು: "ಉಸ್ತಾದರೇ, ಹಣದ ಅಗತ್ಯವಿದ್ದುದು ನಿಜ. ಆದರೆ ಅಲ್ಲಾಹನು ಗುಣಪಡಿಸಿದರೆ ನಾಳೆ ಅವಳು ಇದೇ ಊರಿನಲ್ಲಿ ಬಾಳಬೇಕಲ್ಲವೇ?"

ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳ ಉದ್ದೇಶ ನಿರ್ಮಲವಾಗಿತ್ತು. ಅನುಮತಿ ಕೊಡುವಾಗ ಭಾವಚಿತ್ರದ ಬಗ್ಗೆ ಯೋಚಿಸದೆ ಹೋದವನು ನಾನು.

ಸೇವೆಯೂ ಆರಾಧನೆಯೇ

ರೋಗಿಯ ಸಂದರ್ಶನವನ್ನು ಪ್ರವಾದಿವರ್ಯರು(ಸ) ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬನಿಗಿರುವ ಹಕ್ಕುಗಳಲ್ಲಿ ಎಣಿಸಿದ್ದಾರೆ. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಹುಡುಗ ಕಾಯಿಲೆ ಬಿದ್ದಾಗ ಅವರು ಸ್ವತಃ ಹೋಗಿ ಅವನ ತಲೆಯ ಬಳಿ ಕುಳಿತರೆಂದು ಬುಖಾರಿಯ ಹದೀಸ್‌ನಿಂದ ತಿಳಿಯುತ್ತದೆ. ಆದ್ದರಿಂದ ಆಸ್ಪತ್ರೆಯ ವಾರ್ಡಿನಲ್ಲಿ ಜಾತಿ, ಮತ ಕೇಳಿ ಸೇವೆ ಮಾಡುವ ಪ್ರಶ್ನೆಯೇ ಇಲ್ಲ. ನಮ್ಮ ವಿದ್ಯಾರ್ಥಿಗಳು ಈ ಕ್ಷೇತ್ರಕ್ಕೆ ಇಳಿದಿರುವುದು ಸಂತೋಷದ ವಿಷಯ. ಆದರೆ ಯಾವ ಆರಾಧನೆಗೂ ಅದರದೇ ಶರ್ತಗಳಿವೆ. ವುಝೂ ಇಲ್ಲದೆ ನಮಾಝ್ ಇಲ್ಲ. ಹಾಗೆಯೇ ಮಾನ ಕಾಯದೆ, ಲೆಕ್ಕ ಇಡದೆ ಮಾಡುವ ಸೇವೆಯೂ ಊನವಾದುದು.

ಅಗತ್ಯವನ್ನು ಮೊದಲು ತಿಳಿಯಿರಿ

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ, ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತ ಕ್ಯಾನ್ಸರ್ ಆಸ್ಪತ್ರೆಗೆ ರಾಜ್ಯದ ಎಲ್ಲ ಕಡೆಗಳಿಂದ ಬಡವರು ಬರುತ್ತಾರೆ. ವಿಕಿರಣ ಚಿಕಿತ್ಸೆಗೆ ದಿನಕ್ಕೆ ಕೆಲವೇ ನಿಮಿಷ ಸಾಕು. ಆದರೆ ಅನೇಕರಿಗೆ ಅದು ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ಬೀದರಿನಿಂದಲೋ ಭಟ್ಕಳದಿಂದಲೋ ಬಂದ ಕೂಲಿಕಾರ ಅಷ್ಟು ದಿನ ಎಲ್ಲಿ ಉಳಿಯಬೇಕು? ಏನು ತಿನ್ನಬೇಕು? ಜೊತೆಗೆ ಬಂದ ಮಗನ ಕೂಲಿಯೂ ಹೋಯಿತು. ಅನೇಕರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಔಷಧದ ಬೆಲೆಗೆ ಹೆದರಿ ಮಾತ್ರವಲ್ಲ, ಬಸ್ಸಿನ ಚಾರ್ಜು ಮತ್ತು ಕೋಣೆಯ ಬಾಡಿಗೆಗೂ ಹೆದರಿ.

ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ನೆರವು ಅದರಲ್ಲಿ ಸಿಗುತ್ತದೆ. ರೇಶನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿ ಅಲೆಯುವ ಅಜ್ಜಿಯೊಬ್ಬಳಿಗೆ ಅರ್ಜಿ ತುಂಬಿಸಿ, ಕಛೇರಿಗೆ ಜೊತೆಯಲ್ಲಿ ಹೋಗುವ ವಿದ್ಯಾರ್ಥಿ ಒಂದು ಡಬ್ಬಿ ಹಣಕ್ಕಿಂತ ಹೆಚ್ಚಿನ ಉಪಕಾರ ಮಾಡಿದಂತೆ.

ರಕ್ತದಾನವೂ ಹಾಗೆಯೇ. ರಕ್ತದ ಕ್ಯಾನ್ಸರಿನ ರೋಗಿಗಳಿಗೆ ಪ್ಲೇಟ್‌ಲೆಟ್ ಮತ್ತೆ ಮತ್ತೆ ಬೇಕಾಗುತ್ತದೆ. ಅದನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲಾಗದು. ವರ್ಷಕ್ಕೊಮ್ಮೆ ಬ್ಯಾನರ್ ಕಟ್ಟಿ ನೂರು ಮಂದಿ ಒಂದೇ ದಿನ ಕೊಡುವುದಕ್ಕಿಂತ, 18 ವರ್ಷ ತುಂಬಿದ ಆರೋಗ್ಯವಂತರು ಸರದಿಯಂತೆ ವರ್ಷವಿಡೀ ಕೊಟ್ಟರೆ ಹೆಚ್ಚು ಪ್ರಯೋಜನ. ರಮಝಾನಿನಲ್ಲಿ ಇಫ್ತಾರಿನ ಬಳಿಕ ಕೊಡುವ ಏರ್ಪಾಡು ಮಾಡಿಕೊಳ್ಳಬಹುದು.

ಸಂದರ್ಶನಕ್ಕೆ ಹೋಗುವವರೂ ಎಚ್ಚರ ವಹಿಸಬೇಕು. ಕೀಮೋ ಚಿಕಿತ್ಸೆಯಲ್ಲಿ ರೋಗಿಯ ಪ್ರತಿರೋಧ ಶಕ್ತಿ ಕುಗ್ಗಿರುತ್ತದೆ. ನೆಗಡಿ, ಕೆಮ್ಮು ಇದ್ದರೆ ಹೋಗಬೇಡಿ. ಮನೆಯಿಂದಲೇ ದುಆ ಮಾಡಿ. ಹೋದರೂ ಗುಂಪಾಗಿ ಹೋಗದೆ, ಕೈತೊಳೆದು, ಸ್ವಲ್ಪ ಹೊತ್ತು ಮಾತ್ರ ಇದ್ದು ಬನ್ನಿ.

ಸಂಗ್ರಹಿಸುವವನ ಹೊಣೆ

ಪ್ರವಾದಿವರ್ಯರು(ಸ) ಝಕಾತ್ ವಸೂಲಿಗೆ ಕಳುಹಿಸಿದ್ದ ಒಬ್ಬ ವ್ಯಕ್ತಿ ಹಿಂತಿರುಗಿ ಬಂದು, ಒಂದು ಪಾಲು ನಿಮ್ಮದು, ಇನ್ನೊಂದು ನನಗೆ ಬಂದ ಉಡುಗೊರೆ ಎಂದ. ಪ್ರವಾದಿವರ್ಯರು(ಸ) ಮಿಂಬರಿನ ಮೇಲೆ ನಿಂತು ಅದನ್ನು ಕಟುವಾಗಿ ಖಂಡಿಸಿದರು. ಆ ಕೆಲಸಕ್ಕೆ ಹೋಗದೆ ಮನೆಯಲ್ಲೇ ಕುಳಿತಿದ್ದರೆ ಅವನಿಗೆ ಆ ಉಡುಗೊರೆ ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯ ಸಾರ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಘಟನೆಯಿದೆ. ಸಂಗ್ರಹಿಸಿದ ಹಣದಲ್ಲಿ ಚಹಾ ಕುಡಿಯುವ, ಬೈಕಿಗೆ ಪೆಟ್ರೋಲ್ ಹಾಕುವ ಮುನ್ನ ನಮ್ಮ ಯುವಕರು ಇದನ್ನು ನೆನಪಿಸಿಕೊಳ್ಳಲಿ. ಸ್ವಂತ ಖಾತೆಗೆ ಮೊಬೈಲಿನಲ್ಲಿ ಹಣ ತರಿಸಿಕೊಳ್ಳುವುದೂ ಸರಿಯಲ್ಲ. ಜಮಾಅತ್ ಅಥವಾ ಕಾಲೇಜಿನ ಇಬ್ಬರು ಹಿರಿಯರ ಜಂಟಿ ಖಾತೆ ಇರಲಿ. ರಶೀದಿ ಕೊಡಿ. ಲೆಕ್ಕವನ್ನು ಕೇಳುವ ಮೊದಲೇ ತೋರಿಸಿ.

ಝಕಾತನ್ನು ಬೇರೆಯೇ ಇಡಿ. ಅದರ ಹಕ್ಕುದಾರರನ್ನು ಕುರ್‌ಆನ್ (9:60) ಗೊತ್ತುಪಡಿಸಿದೆ. ಸಾಮಾನ್ಯ ಸದಕಾವನ್ನು ಯಾವ ಧರ್ಮದ ರೋಗಿಗೂ ಕೊಡಬಹುದು. ಇನ್ನೊಂದು ಕಹಿ ಪ್ರಶ್ನೆಯೂ ಇದೆ. ಹಣ ಖರ್ಚಾಗುವ ಮೊದಲೇ ರೋಗಿ ತೀರಿಹೋದರೆ? ರೋಗಿಯ ಕೈಗೆ ಈಗಾಗಲೇ ಒಪ್ಪಿಸಿದ್ದು ಅವನ ಸೊತ್ತು, ವಾರಸುದಾರರಿಗೆ ಸಲ್ಲುತ್ತದೆ. ನಮ್ಮ ಕೈಯಲ್ಲಿ ಉಳಿದಿರುವುದು ದಾನಿಗಳ ಅಮಾನತ್. ಆದ್ದರಿಂದ, ಉಳಿದರೆ ಬೇರೆ ರೋಗಿಗಳಿಗೆ ಬಳಸಲಾಗುವುದು ಎಂದು ರಶೀದಿಯಲ್ಲೇ ಮೊದಲು ಬರೆಯಿರಿ. ಸಂದೇಹವಿದ್ದರೆ ಊರಿನ ಉಲಮಾಗಳನ್ನು ಕೇಳಿ.

ಮುಖ ತೋರಿಸದೆ ಕೇಳಿ

ಕೈಚಾಚದ ಬಡವರನ್ನು ಕುರ್‌ಆನ್ (2:273) ವಿಶೇಷವಾಗಿ ಹೊಗಳಿದೆ. ಅವರ ಸಂಯಮವನ್ನು ಕಂಡು ಅರಿಯದವರು ಅವರನ್ನು ಸ್ಥಿತಿವಂತರೆಂದು ಭಾವಿಸುತ್ತಾರೆ. ಕೊಟ್ಟು ನೋಯಿಸಿದರೆ ದಾನವೇ ನಿಷ್ಫಲವಾಗುತ್ತದೆ ಎಂಬ ಎಚ್ಚರಿಕೆಯೂ (2:264) ಅದೇ ಅಧ್ಯಾಯದಲ್ಲಿದೆ. ರೋಗಿಯ ಒಪ್ಪಿಗೆಯಿಲ್ಲದೆ ಹೆಸರು, ಚಿತ್ರ ಹಾಕಬೇಡಿ. ಕಷ್ಟದಲ್ಲಿರುವವನು ಒಲ್ಲದ ಮನಸ್ಸಿನಿಂದಲೂ ಹೂಂ ಎನ್ನುತ್ತಾನೆ ಎಂಬುದನ್ನು ಮರೆಯಬೇಡಿ. ಹಣ ಕೊಡುವಾಗ ಫೋಟೋ ತೆಗೆಯುವುದನ್ನಂತೂ ಬಿಟ್ಟೇಬಿಡಿ.

ಮುಂದಿನ ಸಲ ನಮ್ಮ ಮಕ್ಕಳು ಡಬ್ಬಿಯ ಮೇಲೆ ಬರೆದುದು ಇಷ್ಟೇ: ಕ್ಯಾನ್ಸರ್ ರೋಗಿಗಳ ನೆರವಿಗೆ. ಕೆಳಗೆ ಮಸೀದಿ ಸಮಿತಿಯ ಮೊಹರು. ಹಣ ಸ್ವಲ್ಪ ಕಡಿಮೆ ಬಂತು. ಅದನ್ನು ತುಂಬಿಸಲು ಮಕ್ಕಳು ಇನ್ನೂ ಎರಡು ಶುಕ್ರವಾರ ನಿಂತರು. ಆ ಎರಡು ಶುಕ್ರವಾರ ಒಬ್ಬ ಹುಡುಗಿಯ ಮಾನದ ಬೆಲೆಯೆಂದು ನಾನು ಅವರಿಗೆ ಹೇಳಿದೆ.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ನಮಗೆ ಅಮಾನತ್ ಕಾಯುವ ತೌಫೀಕ್ ಅನುಗ್ರಹಿಸಲಿ. ಆಮೀನ್.