ಮಲ್ಲಿಗೆಯ ಬಳ್ಳಿ

ಬೇಸಗೆಯ ಮುಂಜಾವಿನಲ್ಲಿ ಶ್ರೀರಂಗಪಟ್ಟಣದ ಸುತ್ತಣ ನೆಲವನ್ನು ನೋಡಬೇಕು. ಕಾಲುವೆಯ ನೀರು ಹರಿಯುವೆಡೆಯಲ್ಲೆಲ್ಲ ಬತ್ತ, ಕಬ್ಬು. ಅಲ್ಲಲ್ಲಿ, ನೀರು ನಿಲ್ಲದ ತುಂಡುನೆಲಗಳಲ್ಲಿ ಮಲ್ಲಿಗೆಯ ತೋಟಗಳು. ಬಿಸಿಲು ಏರುವ ಮೊದಲೇ ಹೆಂಗಸರು ಮಡಿಲು ಕಟ್ಟಿಕೊಂಡು ಮೊಗ್ಗು ಬಿಡಿಸುತ್ತಿರುತ್ತಾರೆ. ಅರಳಿದ ಹೂವಿನ ಗೊಡವೆಗೆ ಅವರು ಹೋಗುವುದಿಲ್ಲ, ಅದು ನಿನ್ನೆಯದು. ಇಂದು ಸಂಜೆ ಅರಳಲಿರುವ ತುಂಬುಮೊಗ್ಗೇ ಅವರಿಗೆ ಬೇಕಾದುದು.

ಈ ಅವಸರಕ್ಕೆ ಕಾರಣ ಹೂವಿನ ಸ್ವಭಾವದಲ್ಲಿಯೇ ಇದೆ. ಮಲ್ಲಿಗೆಯ ಮೊಗ್ಗಿನಲ್ಲಿ ಪರಿಮಳವು ಸಿದ್ಧವಾಗಿ ಕೂಡಿಟ್ಟಿರುವುದಿಲ್ಲ. ಅರಳುವಾಗ ಅದು ಹುಟ್ಟುತ್ತದೆ. ಗಿಡದಿಂದ ಬಿಡಿಸಿದ ಮೇಲೆಯೂ ಕೆಲವು ಗಂಟೆಗಳ ಕಾಲ ಹುಟ್ಟುತ್ತಲೇ ಇರುತ್ತದೆ. ಹಿಂದೆ ಫ್ರಾನ್ಸ್ ದೇಶದ ಸುಗಂಧಕಾರರು ಈ ಹೂಗಳನ್ನು ಕೊಬ್ಬಿನ ಪದರದ ಮೇಲೆಯೂ ನಮ್ಮ ದೇಶದವರು ಎಳ್ಳಿನ ನಡುವೆಯೂ ಹರಡಿ ಪರಿಮಳವನ್ನು ಹಿಡಿಯುತ್ತಿದ್ದುದು ಇದನ್ನು ಬಲ್ಲುದರಿಂದಲೇ.

ಮಲ್ಲಿಗೆಯ ಕುಲದಲ್ಲಿ ಸುಮಾರು 200 ಜಾತಿಗಳಿವೆ. ಆಲಿವ್ ಮರವೂ ಪಾರಿಜಾತವೂ ಇದರ ಕುಟುಂಬದವೇ. ಜಾಜಿ, ಸೂಜಿಮಲ್ಲಿಗೆಗಳು ಚಪ್ಪರವೇರುತ್ತವೆ. ದುಂಡುಮಲ್ಲಿಗೆಯದು ಅರೆಬಳ್ಳಿಯ ಬಾಳು. ಸವರಿದರೆ ಪೊದೆಯಾಗಿ ನಿಲ್ಲುತ್ತದೆ. ಪರಿಮಳ ಮಂದವಾದ ಕಾಕಡವು ಮಲ್ಲಿಗೆ ದೊರೆಯದ ಚಳಿಗಾಲದಲ್ಲಿ ಹೂ ಕೊಡುವುದರಿಂದ ಮಾಲೆ ಕಟ್ಟುವವರಿಗೆ ಆಪ್ತವಾಗಿದೆ.

ಹೆಸರು ಮೈಸೂರು ಮಲ್ಲಿಗೆಯೆಂದಾದರೂ ಬೆಳೆಯುವ ನೆಲ ಶ್ರೀರಂಗಪಟ್ಟಣ ತಾಲ್ಲೂಕಿನವರೆಗೂ ಹಬ್ಬಿದೆ. ಉಡುಪಿ, ಹಡಗಲಿ ಮಲ್ಲಿಗೆಗಳಂತೆ ಇದಕ್ಕೂ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ. ಆ ಹೆಸರನ್ನು 1942ರಲ್ಲಿ ತಮ್ಮ ಕವನ ಸಂಕಲನಕ್ಕಿಟ್ಟು ಮನೆಮಾತಾಗಿಸಿದ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ.

ಮಲ್ಲಿಗೆಯನ್ನು ಬೀಜದಿಂದ ಬೆಳೆಸುವ ವಾಡಿಕೆಯಿಲ್ಲ. ಗೇಣುದ್ದದ ಅರೆಬಲಿತ ಕಡ್ಡಿಯನ್ನು ಮರಳಿನಲ್ಲಿ ನೆಟ್ಟು ಬೇರೂರಿಸುತ್ತಾರೆ. ಇಲ್ಲವೆ ಬಳ್ಳಿಯನ್ನು ನೆಲಕ್ಕೆ ಬಾಗಿಸಿ ಮಣ್ಣು ಮುಚ್ಚುತ್ತಾರೆ. ಮುಂಗಾರಿನ ಆರಂಭದಲ್ಲಿ ಒಂದೂವರೆ ಅಡಿ ಆಳದ ಗುಂಡಿಗೆ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ, ನಾಲ್ಕೈದು ಅಡಿಗೊಂದರಂತೆ ನೆಡಬೇಕು. ದಿನವಿಡೀ ಬಿಸಿಲು ಬೀಳುವ ಜಾಗವೇ ಆಗಬೇಕು. ನೆರಳಿನಲ್ಲಿ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ.

ನೀರಿನ ವಿಷಯದಲ್ಲಿಯೇ ಹಲವರು ಎಡವುವುದು. ಪಾಂಡವಪುರ, ಶ್ರೀರಂಗಪಟ್ಟಣಗಳ ಕಾಲುವೆಯ ಬಯಲಿನಲ್ಲಿ ನೀರಿಗೆ ಕೊರತೆಯಿಲ್ಲದಿದ್ದರೂ ಬತ್ತದ ಗದ್ದೆಯ ಪಕ್ಕದ ಜೌಗಿನಲ್ಲಿ ನೆಟ್ಟ ಮಲ್ಲಿಗೆ ಎಲೆ ಹಳದಿಯಾಗಿ, ಬೇರು ಕೊಳೆತು ಸಾಯುತ್ತದೆ. ಮಳೆಯನ್ನೇ ಹೆಚ್ಚಾಗಿ ನಂಬಿದ ನಾಗಮಂಗಲದ ರಾಗಿಹೊಲದ ಕೆಮ್ಮಣ್ಣು, ಬಾವಿಯೊಂದಿದ್ದರೆ, ಅದಕ್ಕಿಂತ ಮೇಲು. ಬಡನೆಲವೆಂದು ಹಳಿಯುವ ಮಣ್ಣೇ ಈ ಬೆಳೆಗೆ ಒಗ್ಗುತ್ತದೆಂಬುದು ವಿಚಿತ್ರವಾದರೂ ನಿಜ.

ಎರಡನೆಯ ಕಷ್ಟ ಸವರುವಿಕೆ. ದುಂಡುಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ; ಹಳೆಯ ಕಡ್ಡಿಯಲ್ಲಲ್ಲ. ಆದುದರಿಂದ ನವೆಂಬರ್ ಕೊನೆಯ ಹೊತ್ತಿಗೆ ನೀರು ಕಟ್ಟುವುದನ್ನು ನಿಲ್ಲಿಸಿ, ಗಿಡವನ್ನು ನೆಲದಿಂದ ಒಂದೂವರೆ ಅಡಿಗೆ ಸವರಿ, ಬುಡಕ್ಕೆ ಗೊಬ್ಬರ ಕೊಟ್ಟು ಮತ್ತೆ ನೀರುಣಿಸುತ್ತಾರೆ. ಹಸುರಾಗಿ ತುಂಬಿಕೊಂಡ ಗಿಡಕ್ಕೆ ಕತ್ತರಿಯಿಡಲು ಹೊಸಬರಿಗೆ ಕೈ ಬಾರದು. ಆದರೆ ಕರುಣೆಯಿಂದ ಬಿಟ್ಟ ಗಿಡ ಸೊಪ್ಪಿನಿಂದ ಮೆರೆದು ಹೂವಿಗೆ ಬಡವಾಗುತ್ತದೆ. ಸವರಿದ ಗಿಡದಲ್ಲಿ ಮಾರ್ಚ್ ವೇಳೆಗೆ ಮೊಗ್ಗು ಮೂಡಿ ಮಳೆಗಾಲದ ಮೊದಲ ತಿಂಗಳುಗಳವರೆಗೂ ಕೊಯ್ಲು ನಡೆಯುತ್ತದೆ. ಮೊಗ್ಗು ಕೊರೆಯುವ ಹುಳುವಿನ ಮೇಲೆ ಮಾತ್ರ ಕಣ್ಣಿಟ್ಟಿರಬೇಕು.

ಬತ್ತವನ್ನು ಕಣಜದಲ್ಲಿಟ್ಟು ಒಳ್ಳೆಯ ಬೆಲೆಗೆ ಕಾಯಬಹುದು. ಮಲ್ಲಿಗೆ ಬೆಳೆದವನಿಗೆ ಆ ಅವಕಾಶವಿಲ್ಲ. ಮದುವೆಯ ದಿನಗಳಲ್ಲಿ ಏರುವ ಬೆಲೆ, ಹೂ ಹೆಚ್ಚು ಬಂದ ದಿನ ಬಿಡಿಸಿದ ಕೂಲಿಗೂ ಸಾಲದಂತೆ ಇಳಿಯುತ್ತದೆ. ನಗರ ಹಬ್ಬಿದಂತೆ ಮೈಸೂರಿನ ಅಂಚಿನ ತೋಟಗಳು ನಿವೇಶನಗಳಾಗುತ್ತಿವೆ. ಉಳಿದ ತೋಟಗಳಲ್ಲಿ ಬೆಳಗ್ಗೆ ಬಿಡಿಸಿದ ಮೊಗ್ಗು ಒದ್ದೆ ಬಟ್ಟೆಯ ಮರೆಯಲ್ಲಿ ಪೇಟೆ ಸೇರಿ, ಬಾಳೆಯ ನಾರಿನಲ್ಲಿ ಕಟ್ಟಿಸಿಕೊಂಡು, ಸಂಜೆಯ ದೀಪ ಹಚ್ಚುವ ಹೊತ್ತಿಗೆ ಯಾರದೋ ಮುಡಿಯಲ್ಲಿ ಅರಳತೊಡಗುತ್ತದೆ.