ಎಳೆಯ ಜೋಳದ ಪೈರಿನ ವಿಷವೂ ದನಗಳ ರಕ್ಷಣೆಯೂ

1. ಜೋಳವು ಮನುಷ್ಯರಿಗೆ ಆಹಾರವನ್ನೂ ದನಗಳಿಗೆ ಮೇವನ್ನೂ ಒದಗಿಸುವ ಬೆಳೆಯೆಂಬುದು ಸರ್ವರಿಗೂ ತಿಳಿದ ವಿಷಯ. ಆದರೆ ಇದೇ ಪೈರು ಎಳೆಯದಾಗಿರುವಾಗ ಅದನ್ನು ಮೇಯ್ದ ದನವು ಸ್ವಲ್ಪ ಹೊತ್ತಿನಲ್ಲಿಯೇ ಬಿದ್ದು ಸಾಯುವುದುಂಟು. ಹಾವು ಕಚ್ಚಿತೆಂದೋ ದೃಷ್ಟಿ ತಾಗಿತೆಂದೋ ಜನರು ಭಾವಿಸುವರು. ನಿಜವಾದ ಕಾರಣವು ಪೈರಿನಲ್ಲಿಯೇ ಇರುತ್ತದೆ.

2. ವಿಷವು ಹುಟ್ಟುವ ಬಗೆ.— ಜೋಳದ ಎಲೆಯಲ್ಲಿ ಧುರಿನ್ ಎಂಬ ವಸ್ತುವಿರುತ್ತದೆ. ಇದನ್ನು 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಆಂಗ್ಲ ವಿದ್ವಾಂಸರು ಕಂಡುಹಿಡಿದರು. ಜೋಳಕ್ಕೆ ಅರಬ್ಬೀ ಭಾಷೆಯಲ್ಲಿರುವ ಹೆಸರಿನಿಂದಲೇ ಈ ಹೆಸರು ಬಂದಿದೆ. ಧುರಿನ್ ಎಲೆಯ ಹೊರಪದರದಲ್ಲಿಯೂ, ಅದನ್ನು ಒಡೆಯತಕ್ಕ ಕಿಣ್ವವು ಒಳಪದರದಲ್ಲಿಯೂ ಬೇರೆ ಬೇರೆಯಾಗಿರುತ್ತವೆ. ದನವು ಅಗಿದಾಗ ಎರಡೂ ಕೂಡಿ, ಹೈಡ್ರೊಸಯಾನಿಕ್ ಆಮ್ಲವೆಂಬ ಘೋರ ವಿಷವು ಹುಟ್ಟುತ್ತದೆ.

3. ವಯಸ್ಸಿನೊಡನೆ ಆಗುವ ಬದಲಾವಣೆ.— ಬಲಿತು ಒಣಗಿದ ಕಾಳಿನಲ್ಲಿ ಈ ವಿಷವಿಲ್ಲ. ಕಾಳು ಮೊಳೆತ ಕೆಲವೇ ದಿನಗಳಲ್ಲಿ ಮೊಳಕೆಯಲ್ಲಿ ಅದು ಅತ್ಯಧಿಕವಾಗುತ್ತದೆ; ಪೈರು ಬೆಳೆದಂತೆ ಕ್ರಮೇಣ ಇಳಿಯುತ್ತದೆ. ಎರಡು ಮೂರು ಎಲೆಗಳ ಸಸಿಗೆ ಒಂದೆರಡು ಕಡಿತವೇ ಪ್ರಾಣಾಂತಿಕವಾದುದರಿಂದ, ವಿಷವೇ ಅದರ ಮುಖ್ಯ ರಕ್ಷಣೆ. ಮುಂದೆ ದಂಟಿನಲ್ಲಿ ನಾರು ಬಲಿತು, ಎಲೆಯು ಒರಟಾಗಿ, ಮೇಯುವ ಪ್ರಾಣಿಗಳಿಗೆ ಪೈರು ಮೊದಲಿನಷ್ಟು ರುಚಿಸದು. ಆದರೂ ಬೆಳೆದ ಪೈರಿನ ದಂಟಿಗಿಂತ ಎಲೆಯಲ್ಲಿ, ಅದರಲ್ಲಿಯೂ ಹೊಸ ಕವಲುಗಳಲ್ಲಿ, ವಿಷವು ಹೆಚ್ಚು.

4. ವಿಷವು ಮರಳಿ ಹೆಚ್ಚುವ ಸಂದರ್ಭಗಳು.— ದಿನಗಳ ಲೆಕ್ಕವೊಂದನ್ನೇ ನಂಬತಕ್ಕದ್ದಲ್ಲ. ಕೊಯ್ದ ಮೇಲೆ ಬುಡದಿಂದ ಚಿಗುರುವ ಕೂಳೆಯು, ಬೇರು ಹಳೆಯದಾದರೂ, ಎಳೆಯ ಪೈರಿನಂತೆಯೇ ವಿಷಯುಕ್ತವಾದುದು. ಮಳೆ ತಪ್ಪಿ ಕುಗ್ಗಿದ ಪೈರಿನಲ್ಲಿಯೂ, ಬರದ ನಂತರ ಮಳೆ ಬಿದ್ದು ಒಡೆದ ಹೊಸ ಚಿಗುರಿನಲ್ಲಿಯೂ, ಸಾರಜನಕದ ಗೊಬ್ಬರವನ್ನು ಮಿತಿಮೀರಿ ಹಾಕಿದ ಹೊಲದಲ್ಲಿಯೂ ವಿಷವು ಹೆಚ್ಚಾಗಿರುತ್ತದೆ.

5. ಅನುಸರಿಸತಕ್ಕ ಕ್ರಮಗಳು.—

(ಅ) ಹಸಿ ಮೇವಿಗಾಗಿ ಬೆಳೆದ ಜೋಳವನ್ನು ಹೂ ಬಿಡುವುದಕ್ಕೆ ಮುಂಚೆ ಕೊಯ್ಯಬಾರದು.

(ಆ) ಒತ್ತಾದ ಪೈರಿನಿಂದ ಕಿತ್ತ ಸಸಿಗಳನ್ನೂ, ಸುಳಿ ನೊಣ ಬಿದ್ದು ಸುಳಿ ಒಣಗಿದುವೆಂದು ಕಿತ್ತ ಸಸಿಗಳನ್ನೂ ದನಗಳ ಮುಂದೆ ಹಾಕಬಾರದು. ಈ ನೊಣದ ಹುಳುವು ಎಳೆಯ ಪೈರಿನಲ್ಲಿಯೇ ಬದುಕತಕ್ಕದ್ದು. ಹುಳು ತಿಂದಿತೆಂಬ ಮಾತ್ರದಿಂದ ಸಸಿಯಲ್ಲಿ ವಿಷವಿಲ್ಲವೆಂದು ತಿಳಿಯಬಾರದು.

(ಇ) ಕೂಳೆ ಚಿಗುರಿದ ಹೊಲಕ್ಕೆ ದನಗಳನ್ನು ಬಿಡಬಾರದು.

(ಈ) ನೀರಿನ ಅನುಕೂಲವಿದ್ದಲ್ಲಿ, ಬಾಡಿದ ಪೈರಿಗೆ ನೀರು ಕೊಟ್ಟು, ಅದು ಚೇತರಿಸಿಕೊಂಡು ಹೂ ಬಿಟ್ಟ ಮೇಲೆ ಕೊಯ್ಯುವುದು ಉತ್ತಮ.

(ಉ) ಹಸಿದ ದನಕ್ಕೆ ಮೊದಲು ಒಣ ಹುಲ್ಲನ್ನು ಕೊಟ್ಟು, ಆಮೇಲೆ ಹಸಿ ಜೋಳವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

(ಊ) ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇವಿನಲ್ಲಿ ವಿಷವು ಬಹುಮಟ್ಟಿಗೆ ಇಳಿಯುತ್ತದೆ. ಅರೆಬಾಡಿದ ಮೇವು ಅಪಾಯಕರ.

(ಋ) ಬೇಗನೆ ಹಸಿ ಮೇವು ಬೇಕಾದವರು ಸಜ್ಜೆಯನ್ನು ಬಿತ್ತಬಹುದು. ಅದರಲ್ಲಿ ಈ ವಿಷವಿಲ್ಲ.

6. ಲಕ್ಷಣಗಳೂ ಚಿಕಿತ್ಸೆಯೂ.— ವಿಷವೇರಿದ ದನವು ಏದುಸಿರು ಬಿಡುತ್ತ, ಜೊಲ್ಲು ಸುರಿಸುತ್ತ, ತೂರಾಡಿ ಬಿದ್ದು ಕಾಲು ಬಡಿಯುತ್ತದೆ. ರಕ್ತದಲ್ಲಿ ಪ್ರಾಣವಾಯುವಿದ್ದರೂ ದೇಹವು ಅದನ್ನು ಉಪಯೋಗಿಸಿಕೊಳ್ಳಲಾರದು. ಆದುದರಿಂದ ರಕ್ತವು ಕಡುಗೆಂಪಾಗಿರದೆ ಹೊಳೆಯುವ ಕೆಂಪಾಗಿ ಕಾಣುವುದುಂಟು. ಒಂದು ದನದಲ್ಲಿ ಈ ಲಕ್ಷಣ ಕಂಡೊಡನೆ ಉಳಿದವುಗಳನ್ನು ಹೊಲದಿಂದ ಹೊರಡಿಸಿ, ಪಶುವೈದ್ಯರಿಗೆ ತಕ್ಷಣ ಹೇಳಿಕಳುಹಿಸಬೇಕು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಔಷಧಗಳನ್ನು ಅವರು ರಕ್ತನಾಳಕ್ಕೆ ಚುಚ್ಚಿ ದನವನ್ನು ಉಳಿಸಬಲ್ಲರು, ತಡವಾದರೆ ಫಲವಿಲ್ಲ. ಬಿದ್ದ ದನದ ಬಾಯಿಗೆ ಗೊಟ್ಟದಿಂದ ಏನನ್ನೂ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

7. ಗ್ರಾಮದ ಮುಖಂಡರಿಗೆ.— ಜೋಳದ ಕೊಯ್ಲಾದೊಡನೆ ದನಗಳನ್ನು ಹೊಲಗಳಿಗೆ ಬಿಡುವ ವಾಡಿಕೆಯಿರುವ ಕಡೆ, ಕೂಳೆಯ ಅಪಾಯವನ್ನು ಮುಂಚಿತವಾಗಿ ಡಂಗುರದ ಮೂಲಕ ಸಾರಿಸತಕ್ಕದ್ದು. ದನಕಾಯುವ ಹುಡುಗರಿಗೆ ಈ ವಿಷಯವನ್ನು ವಿಶೇಷವಾಗಿ ತಿಳಿಸಬೇಕು. ಉಳುಮೆಯ ಕಾಲದಲ್ಲಿ ಒಂದು ಎತ್ತು ಸತ್ತರೆ ಬಡ ರೈತನ ಆ ವರ್ಷದ ಬೇಸಾಯವೇ ನಿಲ್ಲುವುದೆಂಬುದನ್ನು ಮುಖಂಡರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ.