ಲೋಳೆಸರ: ಬಾಯಾರಿಕೆಗೆ ಸಾಯದು, ನೀರಿಗೆ ಸಾಯುತ್ತದೆ

ನಮ್ಮ ತದಡಿ ಕಡೆ ಲೋಳೆಸರದ ಗಿಡ ಇಲ್ಲದ ಮನೆ ಕಡಿಮೆ. ಆದರೆ ವರ್ಷ ವರ್ಷ ಅದನ್ನು ಉಳಿಸಿಕೊಂಡವರೂ ಕಡಿಮೆಯೇ. ಮಳೆಗಾಲ ಮುಗಿಯುವಾಗ ಗಿಡ ಮಾಯ, ಮತ್ತೆ ಪಕ್ಕದ ಮನೆಗೆ ಮರಿ ಕೇಳಲು ಹೋಗುವುದು. ಇದನ್ನು ತಪ್ಪಿಸುವುದು ಕಷ್ಟವಲ್ಲ.

ನಮ್ಮದು ಮಳೆ ನಂಬಿದ ಬೇಣದ ಜಮೀನು. ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗ ಇಲ್ಲೇ. ಕಣ್ಣಿಗೆ ನೀರೇ ನೀರು, ಆದರೆ ಏಪ್ರಿಲ್-ಮೇನಲ್ಲಿ ಬಾವಿ ನೀರು ಸವಳು. ಹಿತ್ತಲಿನ ತರಕಾರಿ ಒಣಗಿದರೂ ಜಗಲಿಯ ಲೋಳೆಸರ ಹಸುರಾಗೇ ಇರುತ್ತದೆ. ಅದೇ ಗಿಡ ಆರಿದ್ರಾ ಮಳೆಗೆ ಸೂರಿನ ನೀರು ಬೀಳುವಲ್ಲಿ ಇದ್ದರೆ ಬುಡ ಕೊಳೆತು ಮಲಗುತ್ತದೆ.

ಕಾರಣ ಅದರ ಹುಟ್ಟೂರು. ಲೋಳೆಸರ ಅರಬ್ಬೀ ಸಮುದ್ರದ ಆಚೆ ದಡದ ಅರೇಬಿಯಾದ ಒಣ ಗುಡ್ಡಗಳದ್ದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಏಳನೇ ಇಯತ್ತೆವರೆಗೆ ಓದಿದ ನನಗೆ ಎಲೆ ಹಗಲು ಗಾಳಿ ಎಳೆಯುತ್ತದೆ ಅಂತ ಮಾತ್ರ ಗೊತ್ತಿತ್ತು. ಲೋಳೆಸರ ಹಗಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಹಾಗಾಗಿ ಬಿಸಿಲಿಗೆ ಅದರ ನೀರು ಹಾರುವುದು ಬಹಳ ಕಮ್ಮಿ. ನೀರು ಉಳಿಸಲು ಹುಟ್ಟಿದ ಗಿಡಕ್ಕೆ ನಾವು ದಿನಾ ಚೊಂಬು ಹಿಡಿದು ಹೋದರೆ ಹೇಗೆ?

ಕುಂಡ ಮತ್ತು ಮಣ್ಣು

ಮಣ್ಣಿನ ಕುಂಡ ಒಳ್ಳೆಯದು, ತಳದಲ್ಲಿ ತೂತು ಬೇಕೇ ಬೇಕು. ಒಡೆದ ಹಳೇ ಕೊಡ, ಡಬ್ಬಿಯೂ ನಡೆಯುತ್ತದೆ. ನಾನು ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಮರಳು, ಒಂದು ಪಾಲು ಪೂರ್ತಿ ಕಳಿತ ಸಗಣಿ ಗೊಬ್ಬರ ಕೂಡಿಸುತ್ತೇನೆ. ಸಮುದ್ರದಂಡೆ ಮರಳಾದರೆ ಉಪ್ಪಿರುತ್ತದೆ. ಒಂದು ಮಳೆಗಾಲ ನೆನೆದು ತೊಳೆದುಹೋದ ಮೇಲೆ ಬಳಸಿ. ತಳಕ್ಕೆ ಕೆಂಪು ಕಲ್ಲಿನ ದಪ್ಪ ಚೂರನ್ನು ತೂತಿನ ಮೇಲೆ ಇಟ್ಟರೆ ಮಣ್ಣು ಜಾರುವುದಿಲ್ಲ.

ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಹಾಕಿ ನೋಡಿ. ಪೂರ್ತಿ ಒಣಗಿದ್ದರೆ ಮಾತ್ರ ನೀರು, ಅದೂ ಬುಡಕ್ಕೆ. ಸವಳು ನೀರನ್ನು ಮತ್ತೆ ಮತ್ತೆ ಹಾಕಬೇಡಿ, ಉಪ್ಪು ಕುಂಡದಲ್ಲೇ ಉಳಿಯುತ್ತದೆ.

ಮರಿ ಬೇರ್ಪಡಿಸುವುದು

ಎಲೆ ತುಂಡು ನೆಟ್ಟರೆ ಗಿಡವಾಗುತ್ತದೆ ಅಂತ ಕೆಲವರು ನಂಬಿದ್ದಾರೆ. ಎಲೆಯಿಂದ ಗಿಡ ಬರುವುದು ಕಾಡುಬಸಳೆಗೆ. ಲೋಳೆಸರದ ಎಲೆ ಹೆಚ್ಚಾಗಿ ಕೊಳೆತೇ ಹೋಗುತ್ತದೆ. ತಾಯಿಯ ಬುಡದಲ್ಲಿ ಏಳುವ ಮರಿಯೇ ಬಿತ್ತನೆ.

ಮರಿ ಒಂದು ಗೇಣು ಎತ್ತರ ಬಂದು, ನಾಲ್ಕೈದು ಎಲೆ ಬಿಟ್ಟಿರಬೇಕು. ಚಿತ್ತೆ-ಸ್ವಾತಿ ಮಳೆ ಕಳೆದ ಮೇಲೆ, ಅಂದರೆ ನವೆಂಬರ್ ಹೊತ್ತಿಗೆ ಕೀಳುವುದು ನಮ್ಮ ಕಡೆಗೆ ಸರಿ. ಮಣ್ಣು ಸಡಿಲಿಸಿ, ಸ್ವಂತ ಬೇರಿರುವಂತೆ ಚೂರಿಯಲ್ಲಿ ಬೇರ್ಪಡಿಸಿ. ಕೂಡಲೇ ನೆಡಬೇಡಿ. ಮೂರು-ನಾಲ್ಕು ದಿನ ನೆರಳಲ್ಲಿ ಇಟ್ಟರೆ ಗಾಯ ಒಣಗುತ್ತದೆ. ನೆಟ್ಟ ಮೇಲೂ ಒಂದು ವಾರ ನೀರು ಬೇಡ. ಮೊದಲು ಅರೆನೆರಳು, ಆಮೇಲೆ ನಿಧಾನಕ್ಕೆ ಬಿಸಿಲು. ಒಮ್ಮೆಲೇ ಬಿಸಿಲಿಗೆ ಇಟ್ಟರೆ ಎಲೆ ಕೆಂಪಾಗುತ್ತದೆ.

ಮಳೆಗಾಲದಲ್ಲಿ

ಮೃಗಶಿರಕ್ಕೆ ಮುಂಚೆ ಕುಂಡಗಳನ್ನು ಜಗಲಿಗೆ, ಬೆಳಕು ಬೀಳುವಲ್ಲಿಗೆ ತನ್ನಿ. ನೆಲದಲ್ಲಿದ್ದರೆ ಏರಿ ಮಾಡಿ ನೆಡಿ. ಎಲೆ ತೆಳ್ಳಗಾಗಿ ಮಡಚಿಕೊಂಡರೆ ಬಾಯಾರಿಕೆ. ಬುಡ ಮೆತ್ತಗಾದರೆ ಕೊಳೆ. ಆಗ ಕಿತ್ತು, ಕೊಳೆತದ್ದನ್ನು ಶುದ್ಧ ಭಾಗ ಕಾಣುವವರೆಗೆ ಕೊಯ್ದು, ಒಂದು ವಾರ ಒಣಗಿಸಿ ಒಣ ಮರಳಿಗೆ ನೆಡಿ. ಕಾಂಡ ಗಟ್ಟಿ ಉಳಿದಿದ್ದರೆ ಮತ್ತೆ ಬೇರು ಬಿಡುತ್ತದೆ.

ಬಳಸುವಾಗ ಎಚ್ಚರ

ಹೊರಗಿನ ಎಲೆ ಮೊದಲು ಕೊಯ್ಯಿರಿ. ಕೊಯ್ದ ಕಡೆ ಹಳದಿ ರಸ ಸೋರುತ್ತದೆ. ಇದನ್ನು ಒಣಗಿಸಿದ್ದೇ ಅಂಗಡಿಯ ಮುಸಬ್ಬರ. ಭಾರೀ ಭೇದಿ ಮಾಡಿಸುವ ವಸ್ತು, ಬಸುರಿಯರ ಹೊಟ್ಟೆಗಂತೂ ಹೋಗಲೇಬಾರದು. ಎಲೆಯನ್ನು ನೆಟ್ಟಗೆ ನಿಲ್ಲಿಸಿ ರಸ ಸೋರಿಸಿ, ತೊಳೆದು, ಒಳಗಿನ ಬಿಳಿ ಲೋಳೆ ಮಾತ್ರ ತೆಗೆಯಿರಿ. ಸಣ್ಣ ಸುಟ್ಟಗಾಯಕ್ಕೆ ಮೊದಲು ತಣ್ಣೀರು, ಆಮೇಲೆ ಲೋಳೆ. ದೊಡ್ಡ ಗಾಯಕ್ಕೆ ಡಾಕ್ಟರೇ ಸೈ.

ಎಕರೆಗಟ್ಟಲೆ ಬೆಳೆಯಬಹುದೇ?

ನೀರು ಬೇಡದ ಬೆಳೆ ಅಂದ ಕೂಡಲೇ ಖುಷ್ಕಿಯವರಿಗೆ ಆಸೆ ಆಗುತ್ತದೆ. ಮರಿ ಮಾರಿ, ಎಲೆ ನಾವೇ ಕೊಳ್ಳುತ್ತೇವೆ ಅನ್ನುವವರು ಬಂದರೆ ಮೊದಲು ಎಲೆಯ ಗಿರಾಕಿ ಎಲ್ಲಿ ಅಂತ ಕೇಳಿ. ಲೋಳೆಯಲ್ಲಿ ನೂರಕ್ಕೆ 98 ಪಾಲು ನೀರೇ. ಅಡಿಕೆಯ ಹಾಗೆ ಒಣಗಿಸಿ ಅಟ್ಟದಲ್ಲಿಟ್ಟು ದರ ಕಾಯುವ ಮಾಲಲ್ಲ. ಕೊಯ್ದ ಎಲೆ ಬೇಗ ಕಾರ್ಖಾನೆ ಸೇರಬೇಕು, ಸಾಗಣೆ ಅಂದರೆ ನೀರು ಹೊತ್ತಂತೆ. ಹತ್ತಿರ ಕಾರ್ಖಾನೆ ಇಲ್ಲದಿದ್ದರೆ ಮರಿ ಮಾರಿದವನಿಗೆ ಮಾತ್ರ ಲಾಭ. ಹತ್ತು ಕುಂಡ ಮನೆಗೆ ಸಾಕು. ಹೆಚ್ಚಾದ ಮರಿಯನ್ನು ನೆರೆಯವರಿಗೆ ಕೊಡಿ, ಕೊಡುವಾಗ ನೀರಿನ ಮಾತನ್ನೂ ಹೇಳಿ ಕೊಡಿ.